ಗಾಳಿಗೆ ಹಾಕಿದ ಹಾರ

ನಮ್ಮ ಪೇಟೆಯ ಬಸ್ ನಿಲ್ದಾಣದಲ್ಲಿ ಕಳೆದ ವರ್ಷ ಒಂದು ಕಲಾವೀಥಿಯ ಉದ್ಘಾಟನೆಯಾಯಿತು. ನೋಡಲು ಹೋದವರಿಗೆ ಏನೂ ಕಾಣಲಿಲ್ಲ. ಕಾಣದಿರುವುದೇ ಅದರ ವಿಶೇಷ ಎಂದು ಮೂವರು ಭಾಷಣಕಾರರು ಮೂರು ಭಾಷೆಗಳಲ್ಲಿ ವಿವರಿಸಿದರು. ಕಾಸರಗೋಡು ಸಪ್ತಭಾಷಾ ಸಂಗಮಭೂಮಿಯಲ್ಲವೇ, ಉಳಿದ ನಾಲ್ಕು ಭಾಷೆಯವರು ಚಪ್ಪಾಳೆ ತಟ್ಟಿದರು. ಪೇಟೆಯ ಹೆಸರು ಹೇಳುವುದಿಲ್ಲ. ಚಂದ್ರಗಿರಿ ಹೊಳೆಯಿಂದ ಬಡಗಕ್ಕೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಹೇಳಿದರೆ ನನ್ನ ಮನೆ ತೆರಿಗೆಯ ಕಡತವೂ ಕಲಾಕೃತಿಯಾಗಿ ಕಣ್ಣಿಗೆ ಕಾಣದಂತಾದೀತು.

ಮೊದಲು ಗೋಡೆಗೆ ನೋಟೀಸು ಅಂಟಿತು: ‘ವರ್ಧಿತ ವಾಸ್ತವ ಕಲಾವೀಥಿ’. ಚಾ ಅಂಗಡಿಯ ಕಾಕ ಕನ್ನಡಕ ಏರಿಸಿ ಎರಡು ಸಲ ಓದಿ, “ಮಾಷ್ಟ್ರೇ, ಇನ್ನು ವಾಸ್ತವ್ಯಕ್ಕೂ ತೆರಿಗೆ ಏರಿಸಿದರೇ?” ಎಂದು ಕೇಳಿದರು. ಆಗ್ಮೆಂಟೆಡ್ ರಿಯಾಲಿಟಿ ಎಂಬುದರ ಕನ್ನಡ ರೂಪ ಅದು ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ನನಗಂತೂ, ಇಲ್ಲಿ ಒಂದು ಸರಕಾರಿ ನೋಟೀಸು ಕನ್ನಡದಲ್ಲಿ ಬಂದದ್ದೇ ವಾಸ್ತವ ಸಾಕಷ್ಟು ವರ್ಧಿಸಿದ ಲಕ್ಷಣವಾಗಿ ಕಂಡಿತು.

ವಿಷಯ ಇಷ್ಟೇ. ಮೊಬೈಲಿನ ಕ್ಯಾಮೆರಾವನ್ನು ಗೋಡೆಗೆ ಹಿಡಿದರೆ ಪರದೆಯಲ್ಲಿ ಗೋಡೆಯೂ ಕಾಣುತ್ತದೆ, ಗೋಡೆಯಲ್ಲಿ ಇಲ್ಲದ ಚಿತ್ರವೂ ಕಾಣುತ್ತದೆ. ಫೋನನ್ನು ಅತ್ತಿತ್ತ ಸರಿಸಿದರೂ ಚಿತ್ರ ಇದ್ದಲ್ಲೇ ಅಂಟಿಕೊಂಡಿರುತ್ತದೆ, ಅಂಟಿಕೊಂಡಿರಬೇಕು. 1968ರಲ್ಲಿ ಅಮೆರಿಕದ ಐವನ್ ಸದರ್ಲ್ಯಾಂಡ್ ಇದರ ಮುತ್ತಜ್ಜನಂಥ ಯಂತ್ರವನ್ನು ಮಾಡಿದಾಗ ಅದು ತಲೆ ಹೊರಲಾರದಷ್ಟು ಭಾರವಾಗಿ, ಮಾಡಿನಿಂದ ತೂಗುಹಾಕಬೇಕಾಯಿತು. ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರು ಬಂದದ್ದು 1990ರ ದಶಕದ ಆರಂಭದಲ್ಲಿ, ಬೋಯಿಂಗ್ ಕಂಪನಿಯ ಥಾಮಸ್ ಕಾಡೆಲ್ ಅವರಿಂದ. ಅವರಿಗೆ ಬೇಕಾಗಿದ್ದದ್ದು ಕಲೆಯಲ್ಲ; ವಿಮಾನದ ವೈರುಗಳನ್ನು ಜೋಡಿಸುವ ಕೆಲಸಗಾರರಿಗೆ ಯಾವುದು ಎಲ್ಲಿಗೆ ಎಂದು ಕಣ್ಣೆದುರೇ ತೋರಿಸುವ ಉಪಾಯ. ವೈರು ಜೋಡಿಸಲು ಹುಟ್ಟಿದ ವಿದ್ಯೆ ನಮ್ಮ ನಿಲ್ದಾಣಕ್ಕೆ ಬರುವ ಹೊತ್ತಿಗೆ ಕಲೆಯಾಗಿತ್ತು. ನಿಲ್ದಾಣದ ಮಾಡಿನಿಂದ ಜೋತುಬಿದ್ದ ವೈರುಗಳು ಮಾತ್ರ ಹಾಗೆಯೇ ಇವೆ.

ಉದ್ಘಾಟನೆಯ ದಿನ ಮುಖ್ಯ ಅತಿಥಿಗಳ ಫೋನಿನಲ್ಲಿ ಮೊದಲು ಮೂಡಿದ್ದು ಕಲೆಯಲ್ಲ, ಒಂದು ಕನ್ನಡ ವಾಕ್ಯ: ‘ವಿಮಾನವನ್ನು ಹುಡುಕಲಾಗುತ್ತಿದೆ. ದಯವಿಟ್ಟು ವಿಮಾನವನ್ನು ತಟ್ಟಿರಿ.’ ಎಲ್ಲರೂ ಆಕಾಶ ನೋಡಿದರು. ನಮ್ಮ ಜಿಲ್ಲೆಯಲ್ಲಿ ವಿಮಾನ ತಟ್ಟಬೇಕಾದರೆ ಬಡಗಕ್ಕೆ ಮಂಗಳೂರಿಗೆ ಹೋಗಬೇಕು, ಇಲ್ಲವೇ ತೆಂಕಕ್ಕೆ ಕಣ್ಣೂರಿಗೆ. ನೆರೆಮನೆಯ ಪಾಲಿಟೆಕ್ನಿಕ್ ಹುಡುಗ ಮೆಲ್ಲನೆ ಹೇಳಿದ: ಸಮತಟ್ಟಾದ ನೆಲಕ್ಕೂ ವಿಮಾನಕ್ಕೂ ಇಂಗ್ಲಿಷಿನಲ್ಲಿ ಒಂದೇ ಶಬ್ದವಂತೆ, ಯಂತ್ರ ಅನುವಾದಿಸುವಾಗ ಎರಡರಲ್ಲಿ ದೊಡ್ಡದನ್ನು ಆರಿಸಿಕೊಂಡಿದೆ. ಅತಿಥಿಗಳು ನೆಲ ತಟ್ಟಿದರು. ಕಲೆ ಎದ್ದಿತು. ಎದ್ದದ್ದು ಅವರ ಫೋನಿನಲ್ಲಿ ಮಾತ್ರ. ಈ ಏರ್ಪಾಡು ಕಂಪನಿಯವರು ಪರೀಕ್ಷಿಸಿ ಒಪ್ಪಿದ ಮಾದರಿಯ ಫೋನುಗಳಲ್ಲಷ್ಟೇ ನಡೆಯುತ್ತದೆ. ನಮ್ಮ ಫೋನುಗಳು ‘ಈ ಸಾಧನಕ್ಕೆ ಬೆಂಬಲವಿಲ್ಲ’ ಎಂದು ಕೈಮುಗಿದವು. ಹಾಗಾಗಿ ಅವರು ಕಲೆಯನ್ನು ನೋಡಿದರು, ನಾವು ಅವರನ್ನು ನೋಡಿದೆವು.

ಆಮೇಲೆ ಹಾರ. ಎಡಗೈಯಲ್ಲಿ ಫೋನು ಹಿಡಿದು, ಪರದೆಯಲ್ಲಿ ಎದ್ದ ವೇಷದ ಕೊರಳನ್ನು ಅಂದಾಜಿಸಿ, ಅತಿಥಿಗಳು ಬಲಗೈಯಿಂದ ಸೇವಂತಿಗೆ ಹಾರವನ್ನು ಗಾಳಿಗೆ ಹಾಕಿದರು. ಹಾರ ನೆಲಕ್ಕೆ ಬಿತ್ತು. ಫೋಟೋದವನಿಗಾಗಿ ಇನ್ನೊಮ್ಮೆ ಹಾಕಿದರು, ಇನ್ನೊಮ್ಮೆ ಬಿತ್ತು. ಸಭೆ ಮುಗಿದ ಮೇಲೆ ನಿಲ್ದಾಣದ ಆಡು ಬಂದು ಅದನ್ನು ನಿಧಾನವಾಗಿ ತಿಂದಿತು. ಆ ದಿನ ಕಲಾಸ್ವಾದನೆ ಎಂದು ಏನಾದರೂ ನಡೆದಿದ್ದರೆ ಅದು ಆಡಿನದು.

ಮಾರನೆಯ ದಿನ ಹುಡುಗನ ಫೋನಿನಲ್ಲಿ ನಾನೂ ಆ ಕಲೆಯನ್ನು ನೋಡಿದೆ. ಪೀಠದ ಮೇಲೆ ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಇರಬೇಕಿತ್ತು. ಇದ್ದದ್ದು ಕಥಕಳಿ. ಕಥಕಳಿ ದೊಡ್ಡ ಕಲೆ, ಅದಕ್ಕೆ ನನ್ನ ನಮಸ್ಕಾರವಿದೆ. ಆದರೆ ಗಲ್ಲದ ಸುತ್ತ ಕಾಗದದ ಚುಟ್ಟಿ ಕಟ್ಟಿದ ಮುಖವನ್ನು ತೋರಿಸಿ, ಇದೇ ನಮ್ಮ ಸೀಮೆಯ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ ಎಂದರೆ, ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ ಮುಖದ ತುಂಬ ಮುಳ್ಳು ಮುಳ್ಳಾಗಿ ಚುಟ್ಟಿ ಇಡುವುದನ್ನು ವೇಷ ಕಟ್ಟುವ ಚೌಕಿಯ ಸಂದಿನಿಂದ ಕದ್ದು ನೋಡಿ ಬೆಳೆದ ಇಲ್ಲಿನ ಮಕ್ಕಳು ನಗದೆ ಇರುತ್ತಾರೆಯೇ? ಯಕ್ಷಗಾನದ ಪಿತಾಮಹನೆನಿಸಿದ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಇದೆ. ಕಚೇರಿಗೆ ಹೋಗಿ ಕೇಳಿದೆ. ಅಧಿಕಾರಿಗಳು ಸಜ್ಜನರು, ಕುರ್ಚಿ ಕೊಟ್ಟರು. “ಮಾಷೇ, ಯಕ್ಷಗಾನದ ಮಾದರಿಯನ್ನು ಹೊಸದಾಗಿ ಮಾಡಿಸಬೇಕು, ಕಥಕಳಿಯದ್ದು ಉಚಿತವಾಗಿ ಸಿಕ್ಕಿತು. ಕಿರೀಟವಂತೂ ಎರಡಕ್ಕೂ ಇದೆಯಲ್ಲ,” ಎಂದರು.

ಕೆಳಗೆ ಹೆಸರೂ ಇತ್ತು: ‘ಯಕ್ ಷಗಾನ’. ಮೊಬೈಲ್ ಆಟಗಳನ್ನು ತಯಾರಿಸುವ ತಂತ್ರಾಂಶದಲ್ಲೇ ಇವುಗಳನ್ನೂ ಮಾಡುತ್ತಾರಂತೆ. ಅಲ್ಲಿ ಇಂಗ್ಲಿಷಿನಂತೆ ಅಕ್ಷರಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದರೆ ಮುಗಿಯಿತು. ಕನ್ನಡದಂತೆ ಒಂದರಡಿ ಒಂದು ಕೂರಿಸಲು ಬೇರೆಯೇ ಏರ್ಪಾಡು ಬೇಕು, ಅದನ್ನು ಯಾರೂ ಮಾಡಿರಲಿಲ್ಲ. ನಾನು ದೂರು ಬರೆಯಲಿಲ್ಲ. ಇಲ್ಲಿ ಕನ್ನಡಕ್ಕೆ ಒತ್ತು ಸಿಕ್ಕದಿರುವುದು ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದಲೇ ರೂಢಿ.

ನಿಲ್ದಾಣದ ಹೊರಗಿನ ಶಿಲ್ಪಗಳ ಕಥೆ ಇನ್ನೊಂದು. ಅವುಗಳನ್ನು ಜಿಪಿಎಸ್‌ಗೆ ಕಟ್ಟಿದ್ದರು. ತೆರೆದ ಆಕಾಶದಡಿಯಲ್ಲೂ ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಹೇಳುತ್ತದೆ, ಕಟ್ಟಡಗಳ ನಡುವೆ ಕೇಳುವುದೇ ಬೇಡ. ಅಶ್ವತ್ಥ ಕಟ್ಟೆಯಲ್ಲಿ ನಿಲ್ಲಬೇಕಾದ ಚೆಂಡೆಯವನು ಬೆಳಿಗ್ಗೆ ಮೀನು ಮಾರುಕಟ್ಟೆಯಲ್ಲಿ ಬಂಗುಡೆ ಬುಟ್ಟಿಯ ಮೇಲೆ ನಿಂತು ಬಾರಿಸಿದ, ಮಧ್ಯಾಹ್ನ ಶೌಚಾಲಯದ ಬಾಗಿಲಲ್ಲಿ. ಎದುರಿಗೆ ಆಟೋ ಬಂದು ನಿಂತರೂ ಅವನು ಆಟೋದ ಹಿಂದೆ ಮರೆಯಾಗುವುದಿಲ್ಲ. ಯಾವುದು ಹತ್ತಿರ, ಯಾವುದು ದೂರ ಎಂದು ತಿಳಿಯದ ಫೋನು ಅವನನ್ನು ಆಟೋದ ಮೇಲೆಯೇ ಬಿಡಿಸುತ್ತದೆ. ಬುಟ್ಟಿಯ ಒಡತಿಗೆ ಹುಡುಗ ಇದನ್ನು ತೋರಿಸಿದಾಗ ಆಕೆ ಒಂದೇ ಪ್ರಶ್ನೆ ಕೇಳಿದಳು: “ನನ್ನ ಜಾಗದಲ್ಲಿ ನಿಂತದ್ದಕ್ಕೆ ಬಾಡಿಗೆ ಯಾರು ಕೊಡುತ್ತಾರೆ?”

ನಗಬೇಡಿ. ನ್ಯೂಯಾರ್ಕಿನಲ್ಲಿ ಕಲಾವಿದರು ಇದನ್ನೇ ಕೇಳಿದ್ದಾರೆ. 2017ರಲ್ಲಿ ಜೆಫ್ ಕೂನ್ಸ್ ಅವರ ಪ್ರಸಿದ್ಧ ಬಲೂನ್ ನಾಯಿಯನ್ನು ಸ್ನ್ಯಾಪ್‌ಚಾಟ್ ಕಂಪನಿ ಸೆಂಟ್ರಲ್ ಪಾರ್ಕಿನಲ್ಲಿ ಫೋನಿಗೆ ಮಾತ್ರ ಕಾಣುವಂತೆ ನಿಲ್ಲಿಸಿತು. ಸೆಬಾಸ್ಟಿಯನ್ ಎರ್ರಾಜುರಿಜ್ ಎಂಬ ಇನ್ನೊಬ್ಬ ಕಲಾವಿದ ಅದೇ ನಾಯಿಯ ಮೈತುಂಬ ಗೀಚಿದ ಪ್ರತಿಯೊಂದನ್ನು ಮಾಡಿ, ಅದೇ ಜಾಗಕ್ಕೆ ಕಟ್ಟಿ ಬಿಟ್ಟ. ಸಾರ್ವಜನಿಕ ಜಾಗದ ಗಾಳಿಯನ್ನು ಕಂಪನಿಗಳು ಬಳಸುವುದಾದರೆ ಬಾಡಿಗೆ ಕೊಡಲಿ ಎಂಬುದು ಅವನ ವಾದ. ಅದಕ್ಕೂ ಮೊದಲು 2010ರಲ್ಲಿ ಇಬ್ಬರು ಕಲಾವಿದರು ಅಲ್ಲಿನ ಆಧುನಿಕ ಕಲಾ ಮ್ಯೂಸಿಯಮಿನೊಳಗೆ ಯಾರನ್ನೂ ಕೇಳದೆ ಇಂಥದೇ ಅದೃಶ್ಯ ಪ್ರದರ್ಶನ ನಡೆಸಿದ್ದರು. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಅಂದರೆ ಈ ವಿದ್ಯೆಯನ್ನು ಹೊರದೇಶದಲ್ಲಿ ದೊಡ್ಡವರ ಕಿವಿ ಹಿಂಡಲು ಬಳಸಿದ್ದೂ ಉಂಟು. ಈ ಸಂಗತಿಗಳನ್ನು ಹುಡುಗನಿಗೆ ಹೇಳಿದ್ದು ನನ್ನದೇ ತಪ್ಪು.

ಅದಕ್ಕೆ ಬರುವ ಮೊದಲು ಒಂದು ಮಾತು. ನಮ್ಮ ಸೀಮೆಯವರಿಗೆ ಇಲ್ಲದ್ದನ್ನು ಕಾಣುವುದನ್ನು ಯಾರೂ ಕಲಿಸಬೇಕಾಗಿಲ್ಲ. ಯಕ್ಷಗಾನದ ಆಟದಲ್ಲಿ ಇಬ್ಬರು ಒಂದು ತೆರೆ ಹಿಡಿದರೆ ಸಾಕು, ಅದರ ಹಿಂದೆ ಲಂಕೆ ಇದೆ. ಒಂದು ಮರದ ಪೀಠವನ್ನು ನಾವು ರಥ ಎಂದೇ ಕರೆಯುತ್ತೇವೆ. ತಾಳಮದ್ದಳೆಯಲ್ಲಾದರೆ ಅದೂ ಇಲ್ಲ: ಬಿಳಿ ಪಂಚೆ ಉಟ್ಟು, ಶಾಲು ಹೊದ್ದು, ಚಕ್ಕಳಮಕ್ಕಳ ಕುಳಿತ ಒಬ್ಬರು ಬಾಯಿ ತೆರೆಯುತ್ತಾರೆ, ಮಧ್ಯರಾತ್ರಿಯ ಹೊತ್ತಿಗೆ ನೆಲದಲ್ಲಿ ಹೂತ ಕರ್ಣನ ರಥಚಕ್ರ ಹಿಂದಿನ ಸಾಲಿನವರಿಗೂ ಕಾಣುತ್ತದೆ. ಎದುರು ಕುಳಿತ ಕೃಷ್ಣನಿಗೆ ಮಾರುಕಟ್ಟೆಯಲ್ಲಿ ಅಡಿಕೆ ಅಂಗಡಿ ಇದೆ ಎಂದು ಎಲ್ಲರಿಗೂ ಗೊತ್ತಿದ್ದರೂ ಕಾಣುತ್ತದೆ. ಚಾರ್ಜು ಬೇಡ, ವಿಮಾನ ತಟ್ಟಬೇಕಾಗಿಲ್ಲ. ಬೇಕಾದದ್ದು ಕೂರಲು ಒಂದು ಸೋರದ ಸೂರು.

ಆ ಸೂರಿನ ಬಾಬತ್ತಿಗೆ ಬಂದೆ. ಬಸ್ ನಿಲ್ದಾಣದ ಹಿಂದೆ ಒಂದು ಕಲಾಭವನಕ್ಕೆ ಹದಿನಾಲ್ಕು ವರ್ಷಗಳ ಹಿಂದೆ ಶಿಲಾನ್ಯಾಸವಾಗಿದೆ. ಶಿಲೆ ಇದೆ. ಅದರ ಹಿಂದೆ ಒಂದು ಮುರಕಲ್ಲಿನ ಆವರಣಗೋಡೆ ಇದೆ. ಮತ್ತೇನೂ ಇಲ್ಲ, ಆ ಆಡನ್ನು ಕಟ್ಟುವುದು ಅಲ್ಲಿ.

ಹುಡುಗ ಒಂದು ಭಾನುವಾರ ಬಂದು, “ಮಾಷ್ಟ್ರೇ, ಕಲಾಭವನ ಕಟ್ಟಿ ಮುಗಿಸಿದೆ, ನೋಡಲು ಬನ್ನಿ” ಎಂದ. ಹೋಗಿ ಫೋನಿನಲ್ಲಿ ನೋಡಿದೆ. ಎರಡು ಮಹಡಿ, ಹಂಚಿನ ಮಾಡು, ಮುಂದೆ ಚಾವಡಿ, ಒತ್ತಕ್ಷರ ನೆಟ್ಟಗಿರುವ ಕನ್ನಡ ಫಲಕ. ಕಟ್ಟಡ ಇದ್ದಲ್ಲೇ ನಿಲ್ಲಲು ಗುರುತಿಗೆ ಏನು ಬಳಸಿದೆ ಎಂದು ಕೇಳಿದೆ. ಆ ಮುರಕಲ್ಲಿನ ಗೋಡೆಯನ್ನೇ ಎಂದ. ಫೋನು ಗೋಡೆಯನ್ನು ಗೋಡೆಯೆಂದು ನೋಡುವುದಿಲ್ಲವಂತೆ. ಮೂಲೆ, ಚುಕ್ಕೆ, ಕಲೆ, ಕಪ್ಪು ಬಿಳುಪಿನ ಅಂಚುಗಳನ್ನು ಹೆಕ್ಕಿ ನೆನಪಿಟ್ಟುಕೊಳ್ಳುತ್ತದೆ. ಹದಿನಾಲ್ಕು ಮಳೆಗಾಲ ಕಂಡು ಪಾಚಿ ಹಿಡಿದ, ತೂತು ತೂತಾದ ಮುರಕಲ್ಲೆಂದರೆ ಅದಕ್ಕೆ ಪರಮಾನ್ನ. ನುಣ್ಣಗಿನ ಗೋಡೆಯಾದರೆ ಹಿಡಿಯಲು ಏನೂ ಸಿಗದೆ ತಬ್ಬಿಬ್ಬಾಗುತ್ತದೆ.

ಸುದ್ದಿ ಹಬ್ಬಿತು. ಜನ ಬಂದರು, ಕಟ್ಟಡದ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಒಂದು ಫೋಟೋ ಕಚೇರಿಯ ವಾಟ್ಸಾಪ್ ಗುಂಪಿಗೂ ಹೋಯಿತು. ಮಾರ್ಚ್ ತಿಂಗಳು, ಲೆಕ್ಕ ಮುಗಿಸುವ ಕಾಲ. ಯಾರು, ಯಾವ ಗಳಿಗೆಯಲ್ಲಿ ಎಂದು ಗೊತ್ತಿಲ್ಲ, ಆ ಫೋಟೋ ಕಡತದೊಳಗೆ ಹೊಕ್ಕಿತು. ‘ಕಾಮಗಾರಿ ಪೂರ್ಣ’ ಎಂದು ಷರಾ ಬಿತ್ತು. ಪೂರ್ಣವಾದ ಕಟ್ಟಡಕ್ಕೆ ಸಂಖ್ಯೆ ಬಂತು, ಸಂಖ್ಯೆಯ ಹಿಂದೆಯೇ ನೀರಿನ ಶುಲ್ಕದ ಚೀಟಿ ಬಂತು. ಚೀಟಿ ಕೊಡಲು ಬಂದವನು ಬಾಗಿಲು ಹುಡುಕಿ, ಕೊನೆಗೆ ಆಡಿನ ಹಗ್ಗಕ್ಕೆ ಸಿಕ್ಕಿಸಿ ಹೋದ.

ಲೋಕಾರ್ಪಣೆಗೆ ದೊಡ್ಡವರು ಬರುತ್ತಾರೆಂದು ಗೊತ್ತಾದ ಕೂಡಲೇ ಕಚೇರಿಯವರು ಇಂಥ ಸಂದರ್ಭಗಳಲ್ಲಿ ಮಾಡುವುದನ್ನೇ ಮಾಡಿದರು. ರಾತ್ರೋರಾತ್ರಿ ಆವರಣಗೋಡೆಗೆ ಸಿಮೆಂಟು ಸವರಿ ಸುಣ್ಣ ಬಳಿಸಿದರು. ಬೆಳಿಗ್ಗೆ ಹತ್ತು ಗಂಟೆಗೆ ದೊಡ್ಡವರು ಫೋನು ಎತ್ತಿ ಹಿಡಿದರು. ಬೆಳ್ಳಗಿನ ಗೋಡೆ ಕಂಡಿತು. ಎಡಕ್ಕೆ ಸರಿದರು, ಬಲಕ್ಕೆ ಸರಿದರು, ಹಾರ ಹಿಡಿದವರೂ ಜೊತೆಜೊತೆಗೆ ಸರಿದರು. ಬೆಳ್ಳಗಿನ ಗೋಡೆಯೇ.

ಈಗ ತನಿಖೆ ನಡೆಯುತ್ತಿದೆ. ಪೂರ್ಣಗೊಂಡು, ಸಂಖ್ಯೆ ಪಡೆದು, ನೀರಿನ ಬಾಕಿ ಉಳಿಸಿಕೊಂಡ ಸರಕಾರಿ ಕಟ್ಟಡ ಒಂದೇ ರಾತ್ರಿಯಲ್ಲಿ ಎಲ್ಲಿಗೆ ಹೋಯಿತು ಎಂಬುದು ಪ್ರಶ್ನೆ. ಕಟ್ಟಡವನ್ನು ಕೊನೆಯದಾಗಿ ಯಾವಾಗ ನೋಡಿದಿರಿ ಎಂದು ಪೇಟೆಯವರನ್ನೆಲ್ಲ ಕೇಳಿ ಬರೆದುಕೊಳ್ಳುತ್ತಿದ್ದಾರೆ. ಕಾಕ, ಶುಕ್ರವಾರ ನಮಾಜು ಮುಗಿಸಿ ಬರುವಾಗ ಕಂಡದ್ದಾಗಿಯೂ ಆಗ ಚಾವಡಿಯ ಅರ್ಧ ಭಾಗ ಒಂದು ಆಟೋದೊಳಗೆ ಇದ್ದದ್ದಾಗಿಯೂ ಹೇಳಿ ಸಹಿ ಹಾಕಿದ್ದಾರೆ. ನನ್ನ ಫೋನಿಗೆ ಬೆಂಬಲವಿಲ್ಲ ಎಂದು ನಾನು ಹೇಳಿಕೆ ಕೊಟ್ಟಿದ್ದೇನೆ. ಹುಡುಗನನ್ನು ಮೂರು ಸಲ ಕರೆಸಿದರು. ಅವನು ಸುಣ್ಣದ ವಿಷಯ ಬಿಡಿಸಿ ಹೇಳಿದ ಮೇಲೆ ಅಧಿಕಾರಿಗಳ ಮುಖಕ್ಕೆ ಕಳೆ ಬಂತಂತೆ. ಮೊನ್ನೆ ನಿಲ್ದಾಣದಲ್ಲಿ ಹೊಸ ನೋಟೀಸು ಅಂಟಿಸಿದ್ದಾರೆ. ಕಲಾಭವನದ ಆವರಣಗೋಡೆಗೆ ಮೊದಲಿನಂತೆಯೇ, ಅದೇ ಆಕಾರದಲ್ಲಿ, ಪಾಚಿ ಹಿಡಿಸಿಕೊಡುವವರಿಂದ ಟೆಂಡರ್ ಕರೆಯಲಾಗಿದೆ. ಕೆಲಸವನ್ನು ಮಳೆಗಾಲಕ್ಕೆ ಮುಂಚೆಯೇ ಮುಗಿಸಬೇಕಂತೆ.