ಎರಡು ದಿನದ ಎತ್ತು

ಕಾರಹುಣ್ಣಿಮೆಗೆ ಜೀವದ ಎತ್ತು, ಅಮಾಸಿಗೆ ಮಣ್ಣಿನ ಎತ್ತು. ಉತ್ತರ ಕರ್ನಾಟಕದ ಹಳ್ಳಿಮನೆಗಳಲ್ಲಿ ಜ್ಯೇಷ್ಠ ಮಾಸದ ಲೆಕ್ಕ ಇಷ್ಟೇ. ಹುಣ್ಣಿಮೆಯಂದು ಕೊಟ್ಟಿಗೆಯ ಜೋಡಿಗೆ ಮೈ ತೊಳೆದು, ಕೋಡು ಹೆರೆದು, ಬಣ್ಣ ಹಚ್ಚಿ, ಜೂಲ ಹೊದಿಸಿ, ಗೆಜ್ಜೆಸರ ಕಟ್ಟಿ, ಸಂಜೆ ಅಗಸಿಯ (ಊರಬಾಗಿಲಿನ) ಮುಂದೆ ಕರಿ ಹರಿಯಲು, ಅಂದರೆ ಅಡ್ಡ ಕಟ್ಟಿದ ತೋರಣ ಹರಿಯಲು, ಓಡಿಸಿದ್ದಾಯಿತು. ಬಿಳಿ ಎತ್ತು ಮುಂದಾದರೆ ಹಿಂಗಾರಿ ಚೆನ್ನ, ಕೆಂಪು ಎತ್ತು ಮುಂದಾದರೆ ಮುಂಗಾರಿ ಚೆನ್ನ ಎಂದು ಕಟ್ಟೆಯ ಮೇಲೆ ಕೂತವರು ತೀರ್ಪು ಕೊಟ್ಟದ್ದೂ ಆಯಿತು. ಹದಿನೈದು ದಿನಕ್ಕೆ ಅದೇ ಜೋಡಿಯನ್ನು ಗೇಣಿನೊಳಗಿನ ಅಳತೆಗೆ ಇಳಿಸಿ, ಮಣ್ಣಲ್ಲಿ ಮಾಡಿ, ದೇವರ ಜಗಲಿಯ ಮೇಲೆ ನಿಲ್ಲಿಸಬೇಕು. ಹುಣ್ಣಿಮೆ ಗಂಡಸರ ಹಬ್ಬ. ಮಣ್ಣೆತ್ತಿನ ಅಮಾವಾಸ್ಯೆ ಹುಡುಗರದು, ಅಜ್ಜಿಯರದು, ಕೈ ಕೆಸರಾದರೆ ಬೇಸರವಿಲ್ಲದವರೆಲ್ಲರದು.

ಈ ಎತ್ತು ಬಾಳಬೇಕಾದದ್ದು ಎರಡೇ ದಿನ. ಸುಡುವಂತಿಲ್ಲ, ಆವಿಗೆ ಇಲ್ಲ, ಹಸಿಮಣ್ಣು ಒಣಗಿದಷ್ಟೇ ಗಟ್ಟಿ. ಅಮಾವಾಸ್ಯೆಯ ದಿನ ಪೂಜೆ, ಮರುದಿನ ಹುಡುಗರ ಕೈಗೆ, ಆಮೇಲೆ ಹಳ್ಳಕ್ಕೋ ಬಾವಿಗೋ. ಹೀಗಿದ್ದೂ ಆ ಎರಡು ದಿನ ನಾಲ್ಕು ಕಾಲಿನ ಮೇಲೆ ನಿಲ್ಲಿಸುವುದಕ್ಕೆ ಬೇಕಾದ ತಿಳಿವಳಿಕೆ ಸಣ್ಣದಲ್ಲ. ತೊಲೆ ಬೀಳದ ಹಾಗೆ ಮನೆ ಕಟ್ಟುವವರು ಕೂಡ ಮಣ್ಣೆತ್ತಿನ ಕಾಲಿಗೆ ಬಂದಾಗ ಸೋತದ್ದಿದೆ.

ಮೊದಲ ಮಾತು ಮಣ್ಣಿನದು. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಹೊಲದಲ್ಲಿ ಬೇಕಾದಷ್ಟಿದೆ, ಕೈಗೆ ನುಣುಪಾಗಿಯೂ ಬರುತ್ತದೆ. ಅದನ್ನೊಂದನ್ನೇ ನಂಬಿದರೆ ಮಾತ್ರ ಕೆಟ್ಟಿತು. ನೀರು ಕುಡಿದು ಉಬ್ಬುವುದು, ಒಣಗುವಾಗ ಕುಗ್ಗಿ ಬಿರಿಯುವುದು ಎರಿಯ ಹುಟ್ಟುಗುಣ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲ ಬಾಯಿ ಬಿಡುವ ಮಣ್ಣು ಎತ್ತಿನ ತೊಡೆಸಂದಿಯಲ್ಲಿ ಸುಮ್ಮನಿದ್ದೀತೇ? ಅದಕ್ಕೇ ಮೂರು ಬೊಗಸೆ ಎರಿಗೆ ಒಂದು ಬೊಗಸೆ ಹಳ್ಳದ ಸಣ್ಣ ಉಸುಕು, ಒಂದು ಹಿಡಿ ಜರಡಿ ಹಿಡಿದ ಒಲೆಬೂದಿ ಬೆರೆಸುತ್ತಾರೆ. ಉಸುಕು ಕುಗ್ಗುವುದಿಲ್ಲ, ಅದು ಇದ್ದಷ್ಟು ಪಾಲು ಮಣ್ಣಿನ ಕುಗ್ಗಾಟವೂ ಕಮ್ಮಿ. ಹೆಚ್ಚು ಹಾಕಿದರೆ ಅಂಟು ಹೋಗಿ ಕಿವಿ, ಬಾಲ ಉದುರುತ್ತವೆ. ಹಾಸಿಗೆಯಿಂದ ಇಷ್ಟು ಹಳೇ ಹತ್ತಿ ಕಿತ್ತು, ಎಳೆ ಎಳೆಯಾಗಿ ಬಿಡಿಸಿ ಸೇರಿಸಿದರೆ ಕೋಡು, ಕಿವಿಗಳಂಥ ತೆಳು ಜಾಗಕ್ಕೆ ಹಿಡಿತ ಬರುತ್ತದೆ. ಹತ್ತಿ ಗಂಟಾಗಿ ಉಳಿದರೆ ಆ ಜಾಗದಲ್ಲೇ ಮುರಿಯುವುದು ಖಾತ್ರಿ.

ಹುತ್ತದ ಮಣ್ಣಿಗೆ ಇಷ್ಟೆಲ್ಲ ಉಪಚಾರ ಬೇಡ. ಗೆದ್ದಲು ಒಂದೊಂದೇ ಕಣ ಆರಿಸಿ, ಎಂಜಲು ಹಚ್ಚಿ ಕಟ್ಟಿದ್ದರಿಂದ ಅದು ಆಗಲೇ ಜರಡಿ ಹಿಡಿದಷ್ಟು ನಯ, ಬಿರುಕೂ ಕಮ್ಮಿ. ಆದರೆ ಗೆದ್ದಲಿರುವ ಹುತ್ತವನ್ನು ಅಗೆಯುವ ರೂಢಿಯಿಲ್ಲ, ಹಾವಿರುವ ಹುತ್ತಕ್ಕೆ ಕೈ ಹಾಕುವ ಧೈರ್ಯವೂ ಬೇಡ. ಮಳೆಗೆ ಕರಗಿ ಬುಡದಲ್ಲಿ ಜಾರಿಬಿದ್ದ ಮಣ್ಣು ಸಾಕು. ಒಂದು ಜೋಡಿ ಎತ್ತು, ಒಂದು ಗ್ವಾದಲಿಗೆ (ಮೇವಿನ ತೊಟ್ಟಿಗೆ) ನಾದಿದ ಮಣ್ಣು ಎರಡು ಕಿಲೋ ಬೇಕಾದೀತು.

ಮಳೆಯ ಹದವನ್ನೂ ನೋಡಿಕೊಳ್ಳಬೇಕು. ಈ ಅಮಾವಾಸ್ಯೆ 2024ರಲ್ಲಿ ಜುಲೈ 5ಕ್ಕೆ ಬಿದ್ದಿತ್ತು, 2025ರಲ್ಲಿ ಜೂನ್ 25ಕ್ಕೆ. ಮುಂಗಾರು ಹಿಡಿದ ವರ್ಷ ಮಣ್ಣು ತರುವಾಗಲೇ ಹಸಿಯಾಗಿರುತ್ತದೆ, ನೀರು ಸುರಿದರೆ ರಾಡಿ. ಒಣ ವರ್ಷ ಹೆಂಟೆ ಒಡೆದು, ಕಲ್ಲು ಬೇರು ಆರಿಸಿ, ಹಿಂದಿನ ರಾತ್ರಿಯೇ ನೆನೆಹಾಕಬೇಕು. ಬೆಳಿಗ್ಗೆ ಕಲ್ಲಿನ ಮೇಲೆ ಬಡಿದು ಬಡಿದು ನಾದಿ, ರೊಟ್ಟಿಯ ಹಿಟ್ಟಿಗಿಂತ ಒಂದಿಷ್ಟು ಬಿಗಿಯಾಗಿ ತರಬೇಕು. ಹದ ನೋಡುವ ಉಪಾಯ ಸುಲಭ. ಸೀಸದಕಡ್ಡಿ ದಪ್ಪಕ್ಕೆ ಒಂದು ಎಳೆ ಹೊಸೆದು ತೋರುಬೆರಳಿಗೆ ಉಂಗುರ ಸುತ್ತಿ. ಸೀಳಿದರೆ ನೀರು ಸಾಲದು, ಬೆರಳಿಗೇ ಮೆತ್ತಿಕೊಂಡರೆ ಹೆಚ್ಚಾಗಿದೆ. ಜೋಳದ ಕಾಳಿನಷ್ಟು ಹರಳು ಒಳಗೆ ಉಳಿದರೂ, ಮಣ್ಣು ಕುಗ್ಗುವಾಗ ಹರಳು ಕುಗ್ಗದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಈಗ ಕಾಲು. ಹೊಸಬರೆಲ್ಲ ಮಾಡುವುದು ಒಂದೇ ರೀತಿ: ಮೈಗೆ ಒಂದು ಉದ್ದನೆ ಉಂಡೆ, ಕಾಲಿಗೆ ನಾಲ್ಕು ಬತ್ತಿ, ಅಂಟಿಸಿ ನಿಲ್ಲಿಸು. ಎತ್ತು ಐದು ನಿಮಿಷ ನಿಂತು, ಆಮೇಲೆ ನಿಧಾನಕ್ಕೆ ಮಂಡಿಯೂರಿ, ಹೊಟ್ಟೆ ನೆಲಕ್ಕೆ ತಾಗಿಸಿ ಮಲಗುತ್ತದೆ. ನಾಲ್ಕು ಬೆಸುಗೆ ಇದ್ದಲ್ಲಿ ನಾಲ್ಕು ಬಿರುಕಿಗೆ ದಾರಿ. ಬಲ್ಲವರು ಬೆಸೆಯುವುದೇ ಇಲ್ಲ. ಏಳು ಅಂಗುಲ ಉದ್ದ, ಎರಡು ಅಂಗುಲ ದಪ್ಪದ ದಿಂಡು ಹೊಸೆದು, ಎರಡೂ ತುದಿಯನ್ನು ಒಂದೂವರೆ ಅಂಗುಲದಷ್ಟು ದಾರದಿಂದ ಉದ್ದಕ್ಕೆ ಸೀಳಿ, ಸೀಳಿದ್ದನ್ನು ಕೆಳಕ್ಕೆ ಬಾಗಿಸಿ ತಿದ್ದುತ್ತಾರೆ. ನಾಲ್ಕು ಕಾಲೂ ಮೈಯಿಂದಲೇ ಹುಟ್ಟಿದವು, ಎಲ್ಲಿಯೂ ಜೋಡಣೆಯಿಲ್ಲ. ಕಾಲು ಹೆಬ್ಬೆರಳಿನಷ್ಟು ದಪ್ಪವಿರಲಿ. ನಿಜವಾದ ಎತ್ತಿನ ಕಾಲು ಅಷ್ಟು ದಪ್ಪವಿಲ್ಲ, ಹೌದು. ಆದರೆ ನಿಜವಾದ ಎತ್ತಿಗೆ ಎಲುಬಿದೆ. ಮೈ ಬಿಗಿಯುವ ತನಕ ಹೊಟ್ಟೆಯ ಕೆಳಗೆ ಒಂದು ಹಿಡಿ ಒಣಹುಲ್ಲು ಒತ್ತಿಡಬೇಕು. ಮಣ್ಣು ಕುಗ್ಗುತ್ತ ಇಳಿದಂತೆ ಹುಲ್ಲೂ ಬಾಗಿಕೊಡುತ್ತದೆ. ಹುಲ್ಲಿನ ಬದಲು ಕಲ್ಲಿಟ್ಟರೆ, ಮೈ ಕಲ್ಲಿನ ಮೇಲೆ ಕೂತು ಕಾಲು ನೆಲ ಬಿಡುತ್ತವೆ.

ಕಾಲೊಳಗೆ ಕಸಬರಿಗೆ ಕಡ್ಡಿ ಚುಚ್ಚಿ ಗಟ್ಟಿ ಮಾಡುವ ಜಾಣರೂ ಇದ್ದಾರೆ. ಕಡ್ಡಿಯ ಕಥೆಯೂ ಹರಳಿನ ಕಥೆಯೇ. ಅದರ ಸುತ್ತ ಮಣ್ಣು ಬಿಗಿದು, ಮರುದಿನ ಕಾಲು ಉದ್ದಕ್ಕೂ ಸೀಳಿ ಕಡ್ಡಿ ಹೊರಗೆ ಕಾಣುತ್ತದೆ. ಕೋಡಿಗೂ ಇದೇ ಮಾತು. ಬುಡ ದಪ್ಪ, ತುದಿ ಚೂಪು, ಒಳಗೆ ಹತ್ತಿಯೆಳೆ, ಕಡ್ಡಿ ಬೇಡ.

ತಲೆಯನ್ನು ಮಾತ್ರ ಬೇರೆ ಮಾಡಿ ಅಂಟಿಸದೆ ವಿಧಿಯಿಲ್ಲ. ಕುತ್ತಿಗೆಯ ತುದಿ, ತಲೆಯ ಹಿಂಬದಿ ಎರಡನ್ನೂ ಮುಳ್ಳಿನಿಂದ ಗೀಚಿ ಒರಟು ಮಾಡಿ, ಅದೇ ಮಣ್ಣಿನ ತೆಳು ರಾಡಿ ಹಚ್ಚಿ, ಒತ್ತಿ ತಿರುವಬೇಕು. ಎರಡರ ಹಸಿಯೂ ಒಂದೇ ಹದದಲ್ಲಿರಬೇಕು. ಬೆಳಿಗ್ಗೆ ಮಾಡಿದ ಮೈಗೆ ಮಧ್ಯಾಹ್ನ ಉಂಡು ಬಂದು ಹಸಿ ತಲೆ ಅಂಟಿಸಿದರೆ, ಕುಗ್ಗುವುದೆಲ್ಲ ತಲೆಯ ಪಾಲಿಗೆ ಬಂದು, ರಾತ್ರಿಯೊಳಗೆ ತಲೆ ಕಳಚಿ ಗ್ವಾದಲಿಗೆ ಬೀಳುತ್ತದೆ. ಬಾಲ ಜೋತಾಡಬಾರದು, ಹಿಂಗಾಲಿಗೆ ಅಂಟಿಕೊಂಡೇ ಇಳಿಯಬೇಕು. ಗಂಗೆದೊಗಲನ್ನು ಗದ್ದದ ಕೆಳಗಿನಿಂದ ಎದೆಯ ತನಕ ಬೆರಳಲ್ಲೇ ಚಿವುಟಿ ಎಳೆದರೆ ಸಾಕು. ಅದು ನೋಡುವುದಕ್ಕೂ ಚೆಂದ, ಕುತ್ತಿಗೆಗೆ ಆಸರೆಯೂ ಹೌದು.

ಇಲ್ಲಿಗೆ ಬಂದಾಗಲೇ ಯಾರು ದನ ಕಟ್ಟಿದವರ ಮನೆಯ ಮಗು, ಯಾರು ಚಿತ್ರ ನೋಡಿ ಕಲಿತದ್ದು ಎಂದು ತಿಳಿಯುವುದು. ಎತ್ತಿಗೆ ಇಣಿ (ಡುಬ್ಬ) ಇರುವುದು ಮುಂಗಾಲಿನ ನೇರಕ್ಕೆ, ಹೆಗಲ ಮೇಲೆ. ನೊಗ ಕೂರುವುದು ಅದರ ಮುಂದೆ. ಬೆನ್ನ ನಡುವೆ ಇಣಿ ಇಟ್ಟರೆ ಒಂಟೆ. ಮನೆಯ ಆಯಿ (ಅಜ್ಜಿ) ಆ ಕಡೆ ಹಾಯುವಾಗ ಸುಮ್ಮನೆ ಹೋಗುವುದಿಲ್ಲ: ‘ಏ ತಮ್ಮಾ, ಇದು ಎತ್ತೇನೋ, ಆಡಿನ ಮರಿಯೇನೋ?’ ‘ಎತ್ತs ಆಯಿ, ಇನ್ನಾ ಕೋಡು ಬಂದಿಲ್ಲ.’ ಕೋಡು ಬಂದರೆ ತಳಿಯೂ ಬಂತು. ವಿಜಯಪುರ, ಬಾಗಲಕೋಟೆ ಕಡೆ ಮನಸ್ಸಿನಲ್ಲಿರುವುದು ಖಿಲಾರಿ. ಹಣೆಯಿಂದ ಒತ್ತಾಗಿ ಹೊರಟು, ಹಿಂದಕ್ಕೆ ಬಾಗಿ, ಮತ್ತೆ ಮೇಲಕ್ಕೆ ಚೂಪಾಗಿ ಏರುವ ಕೋಡು. ಮಣ್ಣಿಗೆ ಇದಕ್ಕಿಂತ ಕಷ್ಟದ ಆಕಾರವಿಲ್ಲ. ಬೀದರ ಕಡೆಯ ದೇವಣಿಗೆ ಕಿವಿ ಜೋತುಬಿದ್ದಿರಬೇಕು. ಕೃಷ್ಣಾ ತೀರದ ತಳಿಗೆ ಕೋಡು ಸಣ್ಣದು, ಮೈ ಭಾರ. ಮಣ್ಣೆತ್ತಿನ ಕೈಗಾರಿಕೆಗೆ ದೇವರೇ ಕೊಟ್ಟ ತಳಿ ಅದು. ಆದರೂ ಹುಡುಗರಿಗೆ ಖಿಲಾರಿಯ ಕೋಡೇ ಬೇಕು.

ಎತ್ತು ಎಂದರೆ ಒಂದಲ್ಲ, ಜೋಡಿ. ಸಂತೆಯಲ್ಲಿ ಜೋಡಿ ನೋಡುವವರು ಎತ್ತರ, ಬಣ್ಣ, ಕೋಡಿನ ಬಾಗು ಮೂರೂ ಹೊಂದುತ್ತವೆಯೇ ಎಂದು ನೋಡುತ್ತಾರೆ. ಮಣ್ಣಿನ ಜೋಡಿಗೂ ಪರೀಕ್ಷೆ ಅದೇ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಮಣ್ಣು ತೆಗೆದುಕೊಂಡರೆ ಎರಡನೆಯದು ಯಾವಾಗಲೂ ಸಣ್ಣದಾಗುತ್ತದೆ. ಉಳಿದ ಮಣ್ಣಿನಲ್ಲಿ ಮುಗಿಸುವ ಆತುರ. ಮೊದಲೇ ತಕ್ಕಡಿಯಲ್ಲಿಟ್ಟು ಎರಡು ಸಮ ಉಂಡೆ ಮಾಡಿ, ಒಂದರ ಮೈ, ಮತ್ತೊಂದರ ಮೈ, ಒಂದರ ತಲೆ, ಮತ್ತೊಂದರ ತಲೆ ಎಂದು ಜೊತೆಜೊತೆಗೆ ಸಾಗಬೇಕು. ನೊಗ ಹೂಡುವ ಆಸೆಯಿದ್ದರೆ ಪೂರಾ ಒಣಗಿದ ಮೇಲೆ. ಹಸಿಯಲ್ಲೇ ಕಡ್ಡಿಯ ನೊಗ ಬಿಗಿದರೆ, ಎರಡೂ ತಂತಮ್ಮ ಕಡೆ ಕುಗ್ಗಿ, ಅಷ್ಟಗಲ ನೊಗಕ್ಕೆ ಕುತ್ತಿಗೆ ಕೊಡಲಾರದೆ ಒಂದು ಮುರಿಯುತ್ತದೆ.

ಒಣಗಿಸುವ ಕೆಲಸಕ್ಕೆ ಯಾರಿಗೂ ತಾಳ್ಮೆಯಿಲ್ಲ. ಬಿಸಿಲಿಗೆ ಇಡುತ್ತಾರೆ, ಮೋಡವಿದ್ದರೆ ಒಲೆಯ ಪಕ್ಕ ಇಡುತ್ತಾರೆ. ಎರಡೂ ತಪ್ಪು. ಬೆಂಕಿಯ ಕಡೆಯ ಮಗ್ಗುಲು ಮೊದಲು ಕುಗ್ಗಿ ಎತ್ತು ಬಾಗುತ್ತದೆ. ಪಡಸಾಲೆಯ ನೆರಳಲ್ಲಿ ಹಲಗೆಯ ಮೇಲೆ ಬೂದಿ ಉದುರಿಸಿ ನಿಲ್ಲಿಸಿ, ಕೋಡು ಕಿವಿಗೆ ಒದ್ದೆ ಅರಿವೆ ಹೊದಿಸಿ, ಮೈಯೂ ಕೋಡೂ ಒಟ್ಟಿಗೆ ಒಣಗುವಂತೆ ನೋಡಬೇಕು. ಬೂದಿ ಯಾಕೆಂದರೆ ಗೊರಸು ಹಲಗೆಗೆ ಕಚ್ಚಬಾರದು, ಕುಗ್ಗುವಾಗ ಜಾರಬೇಕು. ಮೂರು ದಿನ ಮೊದಲೇ ಮಾಡಿದರೆ ಒಳ್ಳೆಯದು. ಅಮಾವಾಸ್ಯೆಯ ಬೆಳಿಗ್ಗೆ ಮಾಡಿದ ಎತ್ತು ಪೂಜೆಯ ಹೊತ್ತಿಗೆ ಇನ್ನೂ ಹಸಿ. ಬಿರುಕಿಗೆ ಅದಕ್ಕೆ ಪುರುಸೊತ್ತೇ ಆಗಿರುವುದಿಲ್ಲ. ಅನೇಕ ಮನೆಗಳ ಎತ್ತು ನಿಲ್ಲುವುದು ಈ ಗುಟ್ಟಿನಿಂದಲೇ.

ಮನೆಯ ಉಳಿದ ಪ್ರಾಣಿಗಳಿಗೂ ಈ ಹಲಗೆಯ ಮೇಲೆ ಹಕ್ಕಿದೆ. ಕಣ್ಣಿಗೆ ಜೋಳದ ಕಾಳು ಒತ್ತಿದ್ದರೆ ಕೋಳಿ ಬಂದು ಎರಡೇ ಕುಕ್ಕಿಗೆ ಜೋಡಿಯನ್ನು ಕುರುಡು ಮಾಡುತ್ತದೆ. ಕೊರಳ ಸರಕ್ಕೆ ಕುಸುಬಿ ಕಾಳು ಸಾಲಾಗಿ ಒತ್ತುವುದು ಚೆಂದ, ಅದೂ ಕೋಳಿಯ ಪಾಲೇ. ಕಣ್ಣಿಗೆ ಗುಲಗಂಜಿ ವಾಸಿ: ಕೆಂಪು ಗುಡ್ಡೆ, ಕಪ್ಪು ಪಾಪೆ ತಾನಾಗಿಯೇ ಇದೆ. ಆದರೆ ಅದರೊಳಗೆ ವಿಷವಿದೆ, ಅಗಿದರೆ ಅಪಾಯ. ಸಣ್ಣ ಮಕ್ಕಳಿರುವ ಮನೆಯಲ್ಲಿ ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳಬೇಕು. ಇನ್ನು ಕೊಟ್ಟಿಗೆಯ ನಿಜವಾದ ಎತ್ತು ಹಗ್ಗ ಎಳೆದುಕೊಂಡು ಬಂದು ಮಣ್ಣೆತ್ತನ್ನು ನೆಕ್ಕಿದರೆ ಮಕ್ಕಳು ನಗುತ್ತಾರೆ, ‘ತಮ್ಮನನ್ನು ಮುದ್ದಾಡುತ್ತಿದೆ’ ಎನ್ನುತ್ತಾರೆ. ದಿನವೂ ಗೋಡೆ, ಮಣ್ಣು ನೆಕ್ಕುವ ಚಟವಿದ್ದರೆ ಅದಕ್ಕೆ ಉಪ್ಪು, ಖನಿಜ ಕಮ್ಮಿಯಾಗಿದೆ ಎಂದರ್ಥ. ಕಲ್ಲುಪ್ಪು ಇಡಬೇಕು, ದನದ ಡಾಕ್ಟರಿಗೆ ತೋರಿಸಬೇಕು.

ಬಣ್ಣದ ವಿಷಯದಲ್ಲಿ ಹೇಳುವುದು ಕಡಿಮೆ. ಮೈಗೆ ತೆಳು ಸುಣ್ಣ, ಕೋಡಿಗೆ ಕೆಮ್ಮಣ್ಣು, ಗೊರಸಿಗೆ ಕಾಡಿಗೆ. ಒಳಗೆ ಹಸಿಯಿರುವಾಗ ಸುಣ್ಣ ಹಚ್ಚಿದರೆ ಹಪ್ಪಳದಂತೆ ಎದ್ದು ಉದುರುತ್ತದೆ. ಬೆನ್ನಿಗೆ ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ಒಂದು ತುಂಡು ಹೊದಿಸಿದರೆ ಜೂಲವಾಯಿತು, ಬಿರುಕಿದ್ದರೆ ಮುಚ್ಚಿಯೂ ಹೋಯಿತು. ಕಾರಹುಣ್ಣಿಮೆಯಲ್ಲಿ ಜೀವದ ಎತ್ತಿನ ಕೋಡನ್ನು ಅತಿಯಾಗಿ ಹೆರೆದು ರಕ್ತ ಬರಿಸುವವರು ತಮ್ಮ ಉತ್ಸಾಹವನ್ನು ಈ ಎತ್ತಿಗೆ ಇಟ್ಟುಕೊಂಡರೆ ಒಳ್ಳೆಯದು. ಕೋಡಿನೊಳಗೆ ಎಲುಬಿದೆ, ರಕ್ತನಾಳವಿದೆ. ಮಣ್ಣಿನದಕ್ಕೆ ಮಾತ್ರ ಎಷ್ಟು ತೀಡಿದರೂ ನೋವಿಲ್ಲ.

ಗ್ವಾದಲಿ ಮರೆಯಬಾರದು. ಎತ್ತು ಅಚ್ಚುಕಟ್ಟಾಗಿ ಮಾಡಿ ಮೇವಿಗೆ ಜಾಗವಿಲ್ಲದಿದ್ದರೆ ಹಿರಿಯರು ಒಪ್ಪುವುದಿಲ್ಲ. ಅಂಗೈ ಉದ್ದದ ತೊಟ್ಟಿ, ಎತ್ತಿನ ಎದೆಯಷ್ಟೇ ಎತ್ತರ. ಅದರಲ್ಲಿ ಜೋಳ, ಎಳೆ ಹಸಿಹುಲ್ಲು. ಹೋಳಿಗೆ, ಕಡುಬಿನ ಎಡೆ ಎತ್ತಿಗೂ ಉಂಟು, ಮಾಡಿದವರಿಗೂ ಉಂಟು. ಅಮಾವಾಸ್ಯೆಯಂದು ಕೊಟ್ಟಿಗೆಯ ಜೋಡಿಯನ್ನು ಹೂಡುವುದಿಲ್ಲ. ಈಗ ಎಷ್ಟೋ ಮನೆಗಳಲ್ಲಿ ಹೂಡಲು ಜೋಡಿಯೇ ಇಲ್ಲ, ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿದೆ. ಆ ಮನೆಯಲ್ಲೂ ಮಣ್ಣೆತ್ತು ತಪ್ಪಿಲ್ಲ. ಮಣ್ಣಿನ ಟ್ರ್ಯಾಕ್ಟರನ್ನೇ ಮಾಡುವ ಹುಡುಗರೂ ಇದ್ದಾರೆ. ಗಾಲಿ ನಾಲ್ಕಿದ್ದರೂ ಅದು ಎತ್ತಿಗಿಂತ ಸುಲಭ, ಹೊಟ್ಟೆ ಇಳಿಯುವ ಭಯವಿಲ್ಲ.

ಇಷ್ಟೆಲ್ಲ ಜೋಪಾನ ಮಾಡಿದ ಕಾಲನ್ನು ಮರುದಿನ ಹುಡುಗರೇ ಮುರಿಯುತ್ತಾರೆ. ಒಂದು ಎತ್ತಿನ ಕಾಲು ತೆಗೆದು, ಹಲಗೆಯ ಮೇಲೆ ಹೊತ್ತು, ಕುಂಟೆತ್ತು ಬಂದಿದೆ, ಜೋಳ ನೀಡಿ ಎಂದು ಕೂಗುತ್ತ ಮನೆಮನೆಗೆ ಹೊರಡುತ್ತಾರೆ. ಸೇರಿನ ಲೆಕ್ಕದಲ್ಲಿ ಜೋಳ, ಈಚೆಗೆ ರೂಪಾಯಿ ಬೀಳುತ್ತದೆ. ಕಾಳು ಮಾರಿ ಚುರುಮುರಿ ತರುವುದೋ, ಎಲ್ಲ ಸೇರಿ ಅಡುಗೆ ಮಾಡಿ ಉಣ್ಣುವುದೋ ಆ ಓಣಿಯ ಹುಡುಗರ ತೀರ್ಮಾನ. ತಾನಾಗಿ ಕಾಲು ಮುರಿದುಕೊಂಡ ಎತ್ತಿಗೆ ಇಲ್ಲಿ ಎಲ್ಲಿಲ್ಲದ ಬೆಲೆ. ಇದನ್ನು ಬಲ್ಲ ಅಜ್ಜಿಯರು ತೊಡೆಸಂದಿಯಲ್ಲಿ ಬಿರುಕು ಕಂಡಾಗ ರಾಡಿ ತುಂಬಲು ಹೋಗುವುದಿಲ್ಲ, ‘ಇದು ನಾಳೆಗೆ ಇರ್ಲಿ ಬಿಡು’ ಎನ್ನುತ್ತಾರೆ.

ಪೇಟೆಯಲ್ಲಿ ಈಗ ಅಚ್ಚಿನ ಪ್ಲಾಸ್ಟರ್ ಎತ್ತು ಸಿಗುತ್ತವೆ. ಬಿರುಕಿಲ್ಲ, ಜೋಡಿಯಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲ, ಬಣ್ಣ ಫಳಫಳ. ಆದರೆ ಅವು ಬಾವಿಯಲ್ಲಿ ಕರಗುವುದಿಲ್ಲ, ಮುಂದಿನ ವರ್ಷ ನೀರು ಇಳಿದಾಗ ಅಲ್ಲೇ ನಿಂತಿರುತ್ತವೆ. ಕೈಯಲ್ಲಿ ಮಾಡಲಾಗದವರು ಕುಂಬಾರರು ಬುಟ್ಟಿಯಲ್ಲಿ ಹೊತ್ತು ತರುವ ಹಸಿಮಣ್ಣಿನ ಜೋಡಿಯನ್ನೇ ಕೊಳ್ಳಲಿ. ಕೆರೆ ಮಣ್ಣಿನ ಹದ ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ಮಣ್ಣು ಉಳಿದಿದ್ದರೆ ಚೆಲ್ಲಬೇಡಿ. ಮುದ್ದೆ ಮಾಡಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ನೀರಿನ ಹಂಡೆಯ ಪಕ್ಕ ಇಟ್ಟು, ದಿನಕ್ಕೊಮ್ಮೆ ನೀರು ಚಿಮುಕಿಸುತ್ತಿದ್ದರೆ ಹದ ಕೆಡುವುದಿಲ್ಲ. ಹಳೆಯದಾದಷ್ಟೂ ಅಂಟು ಹೆಚ್ಚು. ಆಷಾಢದ ಮಂಗಳವಾರಗಳಿಗೆ ಹೆಣ್ಣುಮಕ್ಕಳಿಗೆ ಗುಳ್ಳವ್ವ ಎಂಬ ಮಣ್ಣಿನ ದೇವಿಯನ್ನು ಮಾಡಲು ಬೇಕು, ಶ್ರಾವಣದಲ್ಲಿ ನಾಗಪ್ಪನಿಗೆ ಬೇಕು, ಭಾದ್ರಪದದಲ್ಲಿ ಗಣಪತಿಗೆ, ಅವನ ಹಿಂದೆಯೇ ಬರುವ ಜೋಕುಮಾರನಿಗೆ. ಗುಳ್ಳವ್ವನಿಗೆ ಕಾಲಿನ ತಾಪತ್ರಯವಿಲ್ಲ, ಕೂತೇ ಇರುತ್ತಾಳೆ. ಉಸುಕು ಅಷ್ಟು ಬೇಕಾಗಿಲ್ಲ. ಮೊದಲ ಮಂಗಳವಾರಕ್ಕೆ ಒಂದು ಬೊಗಸೆ ಎರಿ ಸೇರಿಸಿ ಮತ್ತೆ ನಾದಿದರಾಯಿತು. ಗುಲಗಂಜಿಯನ್ನು ಎತ್ತಿನ ಕಣ್ಣಿನಿಂದ ಕಿತ್ತು ತೊಳೆದಿಟ್ಟುಕೊಂಡಿದ್ದರೆ, ಅವಳಿಗೂ ಅವೇ ಸಾಕು.