ಮೂಗಿಲ್ಲದ ರಾಜಧಾನಿ

ಫುಟ್‌ಬಾಲ್ ವಿಶ್ವಕಪ್ಪಿನ ನಾಲ್ಕು ಪಂದ್ಯ ಸಿಕ್ಕಿದ್ದೇ ಸಿಕ್ಕಿದ್ದು, ಮೆಕ್ಸಿಕೋದ ಗ್ವಾದಲಹಾರಾ ನಗರಕ್ಕೂ ಒಂದು ಚರಿತ್ರೆ ಇದೆ ಎಂದು ಎಲ್ಲರಿಗೂ ಹೊಳೆದುಬಿಟ್ಟಿದೆ. ಯಾವ ಪ್ರವಾಸಿ ಪರಿಚಯ ತೆರೆದರೂ ಅದೇ ಪಾಠ: 1542ರಲ್ಲಿ ಸ್ಥಾಪನೆ, ಆಮೇಲೆ ಮರಿಯಾಚಿ ಸಂಗೀತ, ಆಮೇಲೆ ಟಕೀಲಾ ಮದ್ಯ, ಆಮೇಲೆ ಸಾಫ್ಟ್‌ವೇರ್ ಕಂಪನಿಗಳು, ಕೊನೆಗೆ ಸ್ಟೇಡಿಯಂ. ಅದರಲ್ಲಿ ಮರಿಯಾಚಿ ಕೊಕುಲಾ ಕಡೆಯ ಹಳ್ಳಿಗರದು. ಟಕೀಲಾ, ಟಕೀಲಾ ಎಂಬ ಊರಿನದೇ. ಸ್ಟೇಡಿಯಂ ಇರುವುದು ಪಕ್ಕದ ಸಪೋಪಾನ್‌ನಲ್ಲಿ. ಇರಲಿ, ಹಲಿಸ್ಕೊ ರಾಜ್ಯದ ರಾಜಧಾನಿ ಎಂದಮೇಲೆ ಅಷ್ಟು ಹಕ್ಕು ಬೇಡವೇ? ದುಡಿಯುವುದು ಜಿಲ್ಲೆಯವರು, ಹೆಸರು ರಾಜಧಾನಿಗೆ.

1542 ಎನ್ನುವುದೂ ಅರ್ಧ ಸತ್ಯ. ಅದು ನಾಲ್ಕನೆಯ ಸಲದ ಸ್ಥಾಪನೆ. 1532ರಲ್ಲಿ ನುನ್ಯೊ ದೆ ಗುಸ್ಮಾನ್ ಎಂಬ ಸ್ಪೇನಿನ ದಂಡನಾಯಕ, ಅಷ್ಟರಲ್ಲಾಗಲೇ ಮಿಚೊಆಕಾನ್‌ನ ಅರಸನನ್ನು ಹಿಂಸಿಸಿ ಕೊಲ್ಲಿಸಿದ್ದ ಪುಣ್ಯಾತ್ಮ, ತನ್ನ ಹುಟ್ಟೂರಿನ ಹೆಸರಿಟ್ಟು ನೊಚಿಸ್ತ್ಲಾನ್‌ನಲ್ಲಿ ಊರು ಕಟ್ಟಿಸಿದ. ಕಟ್ಟಿದ ಮೇಲೆ ನೋಡಿದರೆ ಸಾಕಷ್ಟು ನೀರಿಲ್ಲ. ಮೊದಲು ಬಡಾವಣೆ, ಆಮೇಲೆ ನೀರು ಎಂಬ ಪದ್ಧತಿ ನಮ್ಮ ಕಾಲದ್ದೆಂದು ಹೆಮ್ಮೆಪಡುತ್ತಿದ್ದವರು ಗಮನಿಸಬೇಕು. 1533ರಲ್ಲಿ ಟೊನಾಲಾಕ್ಕೆ ಎತ್ತಂಗಡಿ. ಆ ಜಾಗದ ಮೇಲೆ ಗುಸ್ಮಾನ್ ಸಾಹೇಬರಿಗೇ ಕಣ್ಣಿತ್ತು, ಹಾಗಾಗಿ 1535ರಲ್ಲಿ ತ್ಲಾಕೊತಾನ್‌ಗೆ ಮತ್ತೊಮ್ಮೆ ವರ್ಗ. ಅಲ್ಲಿ 1541ರಲ್ಲಿ ಆ ನೆಲದ ಮೂಲ ಜನ ದಂಗೆಯೆದ್ದು ಮೇಲೆ ಬಿದ್ದರು. ಜೀವ ಉಳಿದದ್ದೇ ಹೆಚ್ಚು. ಇನ್ನೆಲ್ಲಿಗೆ ಹೋಗುವುದು ಎಂದು ಗಂಡಸರೆಲ್ಲ ಸಭೆ ಕೂತರು, ಕೂತೇ ಇದ್ದರು. ಬೆಯಾತ್ರಿಸ್ ಎರ್ನಾಂದೆಸ್ ಎಂಬಾಕೆ ಒಳಗೆ ನುಗ್ಗಿ, ‘ರಾಜನೇ ನನ್ನ ಹುಂಜ, ನಡೀರಿ ಅತೆಮಹಾಕ್ ಕಣಿವೆಗೆ’ ಎಂದು, ಅಂದರೆ ನಾನು ರಾಜನ ಪಕ್ಷ ಎಂದು, ಇತ್ಯರ್ಥ ಮಾಡಿದಳಂತೆ. ಈಗಿನ ನಗರ ಇರುವುದು ಅಲ್ಲೇ. ದಂತಕಥೆಯೇ ಇರಬಹುದು. ಆದರೂ ಆ ನಗರದ ಐದು ಶತಮಾನಗಳ ಆಡಳಿತದಲ್ಲಿ ನನಗೆ ನಂಬಬೇಕೆನಿಸುವ ಸಭೆ ಅದೊಂದೇ.

ಗ್ವಾದಲಹಾರಾದವರಿಗೆ ಕಲ್ಲಿನ ಮೇಲೆ ಒಳ್ಳೆಯ ಮಾತು ಕೆತ್ತಿಸುವುದರಲ್ಲಿ ಬಹಳ ಆಸಕ್ತಿ. ದೆಗೊಯಾದೊ ರಂಗಮಂದಿರದ ಮುಂದೆ, ಕಲಹದ ಸದ್ದು ಎಂದೂ ಬಾರದಿರಲಿ ಎಂದು ಬರೆದಿದೆ. ಮಿನರ್ವಾ ದೇವಿಯ ಪ್ರತಿಮೆಯ ಕೆಳಗೆ, ನ್ಯಾಯ, ವಿವೇಕ, ಶಕ್ತಿ ಈ ನಿಷ್ಠಾವಂತ ನಗರವನ್ನು ಕಾಯುತ್ತಿವೆ ಎಂದಿದೆ. ಕೈಯಲ್ಲಿ ಈಟಿ, ಗುರಾಣಿ. ಕಾವಲು ಬಿಗಿಯಾಗಿದೆ. ಮೂಗೊಂದನ್ನು ಕೊಡುವುದು ಮರೆತಿರಬೇಕು.

1992ರ ಫೆಬ್ರವರಿಯಲ್ಲಿ ನಗರಕ್ಕೆ 450 ತುಂಬಿತು. ಏಪ್ರಿಲ್‌ನಲ್ಲಿ ಅನಾಲ್ಕೊ ಬಡಾವಣೆಯ ಜನ ಚರಂಡಿಯಿಂದ ಪೆಟ್ರೋಲ್ ವಾಸನೆ ಬರುತ್ತಿದೆ, ಕಣ್ಣುರಿಯುತ್ತಿದೆ ಎಂದು ದೂರತೊಡಗಿದರು. ಒಂದು ದಿನವಲ್ಲ, ದಿನವೂ. ಅಧಿಕಾರಿಗಳು ಬಂದರು, ಮ್ಯಾನ್‌ಹೋಲ್ ಮುಚ್ಚಳ ತೆಗೆಸಿದರು, ಅಳತೆ ಹಿಡಿದರು, ಮನೆ ಖಾಲಿ ಮಾಡುವ ಅಗತ್ಯವಿಲ್ಲ ಎಂದರು. ಏಪ್ರಿಲ್ 22ರ ಬೆಳಿಗ್ಗೆ ವಾಸನೆಯ ಸುದ್ದಿ ಪತ್ರಿಕೆಯಲ್ಲೂ ಅಚ್ಚಾಗಿತ್ತು. ಹತ್ತು ಗಂಟೆ ದಾಟುತ್ತಿದ್ದಂತೆ ಬೀದಿಗಳೇ ಸಿಡಿದವು. ಸುಮಾರು 8 ಕಿಲೋಮೀಟರ್ ರಸ್ತೆ. ಸರ್ಕಾರಿ ಲೆಕ್ಕದಲ್ಲೇ 200ಕ್ಕೂ ಹೆಚ್ಚು ಸಾವು. ಆ ಲೆಕ್ಕವನ್ನು ಅಲ್ಲಿಯ ಜನ ಇವತ್ತಿಗೂ ಒಪ್ಪುವುದಿಲ್ಲ. ಈಸ್ಟರ್ ರಜೆ, ಮಕ್ಕಳು ಮನೆಯಲ್ಲೇ ಇದ್ದರು.

ಇಲಾಖೆಗಳ ಸಹಕಾರವನ್ನು ಮಾತ್ರ ಮೆಚ್ಚಲೇಬೇಕು. ಒಬ್ಬರು ಸತು ಲೇಪಿಸಿದ ನೀರಿನ ಪೈಪನ್ನು ಸರ್ಕಾರಿ ತೈಲ ಕಂಪನಿ ಪೆಮೆಕ್ಸ್‌ನ ಪೆಟ್ರೋಲ್ ಪೈಪಿಗೆ ತೀರಾ ಹತ್ತಿರ ಹೂತರು. ಎರಡು ಲೋಹ, ನಡುವೆ ತೇವದ ಮಣ್ಣು; ಪೆಟ್ರೋಲ್ ಪೈಪ್ ತುಕ್ಕು ಹಿಡಿದು ತೂತಾಯಿತು, ಪೆಟ್ರೋಲ್ ಒಳಚರಂಡಿಗೆ ಸೋರಿತು. ಇನ್ನೊಬ್ಬರು ರೈಲು ಮಾರ್ಗಕ್ಕೆ ಅಡ್ಡವಾಯಿತೆಂದು ದೊಡ್ಡ ಒಳಚರಂಡಿಯನ್ನು ಕೆಳಕ್ಕೆ ಬಗ್ಗಿಸಿ ಮತ್ತೆ ಮೇಲಕ್ಕೆತ್ತಿದ್ದರು. ಕೊಳಚೆ ನೀರು ದಾಟಿತು, ಪೆಟ್ರೋಲ್ ಆವಿ ದಾಟಲಾಗದೆ ಅಲ್ಲೇ ತುಂಬಿಕೊಂಡಿತು. ಇಷ್ಟಾದ ಮೇಲೆ ಪೆಮೆಕ್ಸ್ ಮೊದಲು ಬೆರಳು ತೋರಿಸಿದ್ದು ಒಂದು ಅಡುಗೆ ಎಣ್ಣೆ ಕಾರ್ಖಾನೆಯ ಕಡೆ! ಗವರ್ನರ್ ಕುರ್ಚಿ ಬಿಟ್ಟರು. ಮೇಯರ್ ಮತ್ತು ಇನ್ನು ಕೆಲವರು ಜೈಲಿಗೆ ಹೋಗಿ ಹೊರಬಂದರು. ಶಿಕ್ಷೆ ಯಾರಿಗೂ ಆಗಲಿಲ್ಲ. ಇದನ್ನು ಹಾಸ್ಯ ಮಾಡಿ ಬರೆಯೋಣ ಎಂದೇ ಕೂತಿದ್ದೆ. ಆಗುತ್ತಿಲ್ಲ. ಜನ ಬಾಯಿಬಿಟ್ಟು ಹೇಳಿದ್ದರು, ಸ್ವಾಮಿ, ವಾಸನೆ ಬರುತ್ತಿದೆ ಅಂತ. ಇನ್ನೇನು ಹೇಳಬೇಕಿತ್ತು?

2018ರಲ್ಲಿ ಇನ್ನೊಂದು ವಾಸನೆ. ಶವಾಗಾರ ತುಂಬಿ ಹೋಗಿತ್ತು. ಗುರುತು ಸಿಗದ 150ಕ್ಕೂ ಹೆಚ್ಚು ಶವಗಳನ್ನು ಶೀತಲ ಟ್ರೇಲರ್ ಲಾರಿಯೊಂದಕ್ಕೆ ತುಂಬಿ ಊರ ಅಂಚಿಗೆ ಕಳುಹಿಸಿದರು. ಆ ಲೆಕ್ಕವೂ ಆಮೇಲೆ ಏರುತ್ತ ಹೋಯಿತು. ಮೊದಲು ತ್ಲಾಕೆಪಾಕೆ. ಜನ ಗಲಾಟೆ ಮಾಡಿದ ಮೇಲೆ ತ್ಲಾಹೊಮುಲ್ಕೊದ ಮನೆಗಳ ಪಕ್ಕದ ಖಾಲಿ ಜಾಗ. ಅಲ್ಲೂ ಗಲಾಟೆ, ಮತ್ತೆ ಸವಾರಿ. ಊರು ಮೂರು ಸಲ ಜಾಗ ಬದಲಿಸಿತ್ತಲ್ಲ, ಶವಗಳೂ ಅದೇ ಸಂಪ್ರದಾಯ ಪಾಲಿಸಿದವು. ವಿಧಿವಿಜ್ಞಾನ ಸಂಸ್ಥೆಯ ಮುಖ್ಯಸ್ಥರನ್ನು ಕಿತ್ತುಹಾಕಿ ಗವರ್ನರ್ ಕೈತೊಳೆದುಕೊಂಡರು.

ಹಲಿಸ್ಕೊದಲ್ಲಿ ಇವತ್ತು ಕಾಣೆಯಾದವರು 15,000ಕ್ಕೂ ಹೆಚ್ಚು, ದೇಶದ ಪಟ್ಟಿಯಲ್ಲೇ ಮುಂಚೂಣಿ. ಬಾಲವೀರರ ವೃತ್ತದ ಸುತ್ತ ಮನೆಯವರು ಅವರ ಫೋಟೊಗಳನ್ನು ಅಂಟಿಸಿ, ಅದಕ್ಕೆ ಕಾಣೆಯಾದವರ ವೃತ್ತ ಎಂದೇ ಹೆಸರಿಟ್ಟಿದ್ದಾರೆ. ಹುಡುಕುವವರೂ ಅವರೇ. ಹೆಚ್ಚಾಗಿ ತಾಯಂದಿರು. ಉದ್ದನೆಯ ಕಬ್ಬಿಣದ ಸರಳನ್ನು ಅನುಮಾನ ಬಂದ ಜಾಗದಲ್ಲಿ ನೆಲಕ್ಕೆ ಇಳಿಸುತ್ತಾರೆ, ಮೇಲಕ್ಕೆಳೆದು ಅದರ ತುದಿ ಮೂಸುತ್ತಾರೆ. ವಾಸನೆ ಬಂದರೆ ಅಗೆಯುತ್ತಾರೆ. ನಗರದಿಂದ ಹೆಚ್ಚು ದೂರವಿಲ್ಲದ ತೆಉಚಿತ್ಲಾನ್‌ನಲ್ಲಿ ಮಾದಕವಸ್ತು ದಂಧೆಕೋರರು ಬಳಸುತ್ತಿದ್ದ ತೋಟವೊಂದಕ್ಕೆ 2024ರ ಸೆಪ್ಟೆಂಬರ್‌ನಲ್ಲೇ ಭದ್ರತಾ ಪಡೆ ನುಗ್ಗಿತ್ತು, ಒಂದಷ್ಟು ಜನರನ್ನು ಹಿಡಿದಿತ್ತು, ಹಿಂದಿರುಗಿತ್ತು. 2025ರ ಮಾರ್ಚ್‌ನಲ್ಲಿ ಇಂಥದೇ ಒಂದು ತಂಡ ಅಲ್ಲಿಗೆ ಹೋದಾಗ ಸಿಕ್ಕಿದ್ದು ಸುಟ್ಟ ಮೂಳೆ ಚೂರುಗಳು, ನೂರಾರು ಜೊತೆ ಬೂಟು, ರಾಶಿ ಬಟ್ಟೆ. ಅಷ್ಟು ಬೂಟುಗಳು ಪೊಲೀಸರ ಕಣ್ಣಿಗೆ ಬಿದ್ದಿರಲಿಲ್ಲವಂತೆ. ಆ ಹೆಂಗಸರಿಗೆ ಇದಕ್ಕೆ ಯಾರೂ ಸಂಬಳ ಕೊಡುತ್ತಿಲ್ಲ. ಸಂಬಳ ಎಣಿಸುವವರು ಬೇರೆಯೇ ಇದ್ದಾರೆ, ತಿಂಗಳು ತಪ್ಪದೆ ಎಣಿಸುತ್ತಿದ್ದಾರೆ.