ಪ್ರಾಂಗಣ ಗುಡಿಸಲು ಅವಕಾಶ ಕೊಡಿ

ಕಳೆದ ಬಾರಿ ಊರಿಗೆ ಬಂದಿದ್ದಾಗ ನಮ್ಮ ಮನೆದೇವರ ಸನ್ನಿಧಿಯಲ್ಲಿ ಒಂದು ಬೆಳಗ್ಗೆ ಪ್ರಾಂಗಣ ಗುಡಿಸಿ, ದೀಪದ ಕಂಬಗಳ ಜಿಡ್ಡು ತೊಳೆದುಕೊಡಬಹುದೇ ಎಂದು ಸೇವಾ ಕೌಂಟರಿನಲ್ಲಿ ವಿಚಾರಿಸಿದೆ. "ಅದಕ್ಕೆಲ್ಲ ಜನ ಇದ್ದಾರೆ ಸ್ವಾಮಿ, ನಿಮಗೆ ಯಾವ ಸೇವೆ ಬರೆಯಲಿ? ಕುಂಕುಮಾರ್ಚನೆಯೋ, ಪಂಚಾಮೃತವೋ?" ಎಂದು ಅಲ್ಲಿದ್ದವರು ಕೇಳಿದರು. ಮಾತಿನಲ್ಲಿ ಒರಟುತನವೇನೂ ಇರಲಿಲ್ಲ. ನನ್ನ ಹಿಂದೆ ಸಾಲು ಬೆಳೆದಿತ್ತು, ಅವರಿಗೂ ಅವಸರವಿತ್ತು. ಗೋತ್ರ, ನಕ್ಷತ್ರ ಬರೆಸಿ ರಸೀತಿ ಪಡೆದೆ. ಸಂಕಲ್ಪದಲ್ಲಿ ನನ್ನ ಹೆಸರು ಕೇಳಿಸಿತು, ಮಂಗಳಾರತಿಯಾಯಿತು, ತೀರ್ಥಪ್ರಸಾದವೂ ಸಿಕ್ಕಿತು. ಆದರೂ ದೇವರ ಮುಂದೆ ಬರಿಗೈಯಲ್ಲಿ ನಿಂತು ಬಂದಂತೆ ಮನಸ್ಸು ದಿನವಿಡೀ ಚುಚ್ಚುತ್ತಿತ್ತು.

ಉದ್ಯೋಗದ ನಿಮಿತ್ತ ಅಮೃತಸರದಲ್ಲಿ ನೆಲೆಸಿರುವ ನನಗೆ ಅಂಥ ಬಯಕೆ ಹುಟ್ಟಿದ್ದೇ ಇಲ್ಲಿನ ಹರ್‌ಮಂದಿರ್ ಸಾಹಿಬ್‌ನಲ್ಲಿ, ಅಂದರೆ ಸಿಖ್ಖರ ಸ್ವರ್ಣಮಂದಿರದಲ್ಲಿ. ಬಾಗಿಲಿನ ಹೊರಗಿರುವ ಜೋಡಾ ಘರ್, ಅಂದರೆ ಚಪ್ಪಲಿ ಇಡುವ ಜಾಗದಲ್ಲಿ, ನೆರೆತ ಗಡ್ಡದ ಹಿರಿಯರೊಬ್ಬರು ನನ್ನ ಧೂಳು ಹಿಡಿದ ಚಪ್ಪಲಿಗಳನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು, ಬಟ್ಟೆಯಿಂದ ಒರೆಸಿ, ಗೂಡಿನಲ್ಲಿಟ್ಟು, ಬಿಲ್ಲೆಯನ್ನು ಪ್ರಸಾದ ಕೊಡುವಂತೆ ನನ್ನ ಅಂಗೈಗೆ ಇಟ್ಟರು. ಅವರು ನಿವೃತ್ತ ಮುಖ್ಯೋಪಾಧ್ಯಾಯರೆಂದು ಆಮೇಲೆ ತಿಳಿಯಿತು. ನಮ್ಮೂರಿನಲ್ಲಿ ಅಷ್ಟು ವಯಸ್ಸಾದ ಮೇಷ್ಟ್ರು ಗುಡಿಗೆ ಬಂದರೆ ನಾವು ಎದ್ದು ನಿಂತು, ಮುಂದಿನ ಸಾಲಿಗೆ ಕರೆದು ಕೂರಿಸುತ್ತೇವೆ. ಇಲ್ಲಿ ಅವರು ಬಂದವರ ಪಾದಧೂಳನ್ನು ಹಣೆಗೆ ಹಚ್ಚಿಕೊಂಡು ಮುಂದಿನ ಜೋಡಿಗೆ ಕೈ ಚಾಚುತ್ತಾರೆ.

ಲಂಗರ್, ಅಂದರೆ ಎಲ್ಲರಿಗೂ ಉಚಿತವಾಗಿ ಊಟ ಬಡಿಸುವ ಗುರುದ್ವಾರದ ದಾಸೋಹದಲ್ಲಿ, ಪಾತ್ರೆ ತೊಳೆಯುವ ಕಡೆ ನಿಂತರೆ ಸ್ಟೀಲ್ ತಟ್ಟೆಗಳ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸದು. ದಿನವೊಂದಕ್ಕೆ ಹತ್ತಾರು ಸಾವಿರ ಜನ ಉಣ್ಣುವ ಜಾಗವದು. ಆದರೂ ಅಲ್ಲೊಬ್ಬ ತಾಯಿ, ಕಾಲೇಜು ಹುಡುಗನೊಬ್ಬ ಬೆಳಗಿಟ್ಟ ತಟ್ಟೆಯ ಅಂಚಿನಲ್ಲಿ ಉಗುರಿನಷ್ಟು ದಾಲ್ ಉಳಿದದ್ದನ್ನು ಕಂಡು, ಅದನ್ನು ಅವನ ಕೈಗೇ ಮರಳಿಸಿ, "ಗುರುವಿನ ಮನೆಯ ತಟ್ಟೆ ಮಗಾ, ಇನ್ನೊಮ್ಮೆ ಉಜ್ಜು" ಎಂದರು. ಅವನು ಮರುಮಾತಿಲ್ಲದೆ ಉಜ್ಜಿದ. ಭಯಭಕ್ತಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡದ್ದು ಆ ತಟ್ಟೆಯ ಅಂಚಿನಲ್ಲಿ. ಯಾರು ಉಂಡ ತಟ್ಟೆಯೋ, ಮುಂದೆ ಯಾರು ಉಣ್ಣುವರೋ, ಇಬ್ಬರಿಗೂ ಗೊತ್ತಿರಲಿಲ್ಲ.

ಕೊಳದ ಹೂಳೆತ್ತುವ ಕಾರ್‌ಸೇವೆಯನ್ನು ಇಲ್ಲಿನ ಹಳಬರು ಇಂದಿಗೂ ನೆನೆಯುತ್ತಾರೆ. 1923ರಲ್ಲಿ, 1973ರಲ್ಲಿ, ಮತ್ತೆ 2004ರಲ್ಲಿ ಊರಿಗೆ ಊರೇ ಕೆಸರಿಗಿಳಿದು, ಬುಟ್ಟಿ ಹೊತ್ತು, ಆ ಕೆಸರನ್ನೇ ಪ್ರಸಾದವೆಂದು ಭಾವಿಸಿತು. ನಮ್ಮ ಕಲ್ಯಾಣಿಗಳಲ್ಲಿ ತೇಲುವ ಪ್ಲಾಸ್ಟಿಕ್ ಕವರುಗಳನ್ನೂ ಎಣ್ಣೆಯ ಪದರವನ್ನೂ ನೆನೆದಾಗ ನನಗೆ ಸಂಕಟವಾಗುತ್ತದೆ. ಹರಕೆ ಹೊರುವಾಗ ನಮಗಿರುವ ಶ್ರದ್ಧೆ ಸುಳ್ಳಲ್ಲ. ಆದರೆ ಕಾಣಿಕೆ ಹಾಕಿದ ಮೇಲೆ ಉಳಿದುದೆಲ್ಲ ಅರ್ಚಕರ ಪಾಲು, ಆಡಳಿತ ಮಂಡಳಿಯ ಪಾಲು ಎಂದು ಕೈತೊಳೆದುಕೊಳ್ಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ.

ಹೀಗೆ ಕೈಯಾರೆ ಸೇವೆ ಮಾಡುವುದು ನಮಗೆ ಪರಕೀಯವಾದ ದಾರಿ ಎಂದೂ ಹೇಳುವಂತಿಲ್ಲ. 1699ರಲ್ಲಿ ಗುರು ಗೋಬಿಂದ್ ಸಿಂಗರ ಕರೆಗೆ ತಲೆ ಕೊಡಲು ಎದ್ದುನಿಂತ ಪಂಜ್ ಪ್ಯಾರೆ, ಅಂದರೆ ಗುರುವಿನ ಐವರು ಪ್ರಿಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಅವರು ನಮ್ಮ ಬೀದರಿನವರೆಂಬುದು ಸಿಖ್ಖರ ಪರಂಪರೆ. ಬೀದರಿನ ನಾನಕ್ ಝೀರಾ ಗುರುದ್ವಾರದ ಹೆಸರು ಹೇಳಿದರೆ ಸಾಕು, ಇಲ್ಲಿನ ನೆರೆಹೊರೆಯವರು ನನ್ನನ್ನು ಬಂಧುವಿನಂತೆ ಕಾಣುತ್ತಾರೆ. ಅದಕ್ಕೂ ಎಷ್ಟೋ ಮುಂಚೆ, ಹನ್ನೆರಡನೆಯ ಶತಮಾನದಲ್ಲಿಯೇ, ಆಯ್ದಕ್ಕಿ ಮಾರಯ್ಯನು ದಾಸೋಹಕ್ಕೆಂದು ಹೆಚ್ಚು ಅಕ್ಕಿ ಆಯ್ದು ತಂದಾಗ, ನಿತ್ಯದ ಅಳತೆ ಮೀರಿದ್ದನ್ನು ಸುರಿದು ಬಾರೆಂದು ಲಕ್ಕಮ್ಮ ಮರಳಿ ಕಳುಹಿಸಿದಳು. ದೇವರ ಕೆಲಸದಲ್ಲಿ ಆಸೆಯ ಒಂದು ಕಾಳೂ ಬೆರೆಯಬಾರದೆಂಬ ಆ ನಿಷ್ಠೆ ನಮ್ಮ ಮಣ್ಣಿನದೇ.

ನನ್ನ ಮಾತು ಏಕಪಕ್ಷೀಯವೆಂದು ಊರಿನ ಬಂಧುಗಳು ಆಕ್ಷೇಪಿಸಿದ್ದಾರೆ. ಒಪ್ಪಲೇಬೇಕಾದ ಅಂಶಗಳೂ ಇವೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಲಕ್ಷಗಟ್ಟಲೆ ಜೋಳದ ರೊಟ್ಟಿ ಬಡಿದು ಕಳುಹಿಸುತ್ತಾರೆ. ಯಾವ ಹಳ್ಳಿಯ ಯಾವ ಮನೆಯ ರೊಟ್ಟಿ ಎಂದು ಯಾರೂ ಕೇಳುವುದಿಲ್ಲ. ನಮ್ಮ ಹಳ್ಳಿಯ ಈಶ್ವರನ ಗುಡಿಯ ಅರ್ಚಕರು ಮಳೆಯಿರಲಿ, ಚಳಿಯಿರಲಿ, ಭಕ್ತರು ಒಬ್ಬರೂ ಬಾರದ ದಿನವೂ ಬಾವಿಯಿಂದ ನೀರು ಸೇದಿ, ಅಭಿಷೇಕ ಮಾಡಿ, ನಂದಾದೀಪಕ್ಕೆ ಎಣ್ಣೆ ಹಾಕಿಯೇ ಮನೆಗೆ ಹೋಗುವವರು. ಸಾವಿರಾರು ಕೈಗಳ ನಡುವೆ ತಟ್ಟೆ ತೊಳೆಯುವುದಕ್ಕಿಂತ ಒಂಟಿಯಾಗಿ ಹಾಗೆ ನಡೆದುಕೊಳ್ಳುವುದು ಕಠಿಣ. ಅಮೃತಸರದಲ್ಲಿಯೂ ಸಂಬಳದ ನೌಕರರಿದ್ದಾರೆ, ಕಾಣಿಕೆಯ ಪೆಟ್ಟಿಗೆಯಿದೆ.

ಗರ್ಭಗುಡಿಯ ಮಡಿಯನ್ನಾಗಲಿ ನೈವೇದ್ಯದ ಅಡುಗೆಯನ್ನಾಗಲಿ ನಾನು ಪ್ರಶ್ನಿಸುತ್ತಿಲ್ಲ. ಹೊರಗಿನ ಕೆಲಸವೇ ಬೇಕಾದಷ್ಟಿದೆ. ಚಪ್ಪಲಿ ಕಾಯುವುದು, ಕಲ್ಯಾಣಿಯ ಮೆಟ್ಟಿಲು ತಿಕ್ಕುವುದು, ಹೂಬತ್ತಿ ಹೊಸೆಯುವುದು, ಅನ್ನಸಂತರ್ಪಣೆಯ ಎಲೆ ಎತ್ತುವುದು, ಇವನ್ನು ಜಾತಿ ಕೇಳದೆ, ಹಣ ಪಡೆಯದೆ ಬಂದವರಿಗೆ ಹಂಚಿಕೊಡುವ ಒಂದು ಸಾಲು ನಮ್ಮ ದೇವಸ್ಥಾನಗಳ ಸೇವಾ ಪಟ್ಟಿಯಲ್ಲಿ ಸೇರಲಿ. ಮುಂದಿನ ರಜೆಯಲ್ಲಿ ನಾನು ಅದೇ ಕೌಂಟರಿಗೆ ಹೋಗಿ ಮತ್ತೆ ಕೇಳುವವನಿದ್ದೇನೆ, ಈ ಸಲ ಲಿಖಿತ ಮನವಿಯೊಂದಿಗೆ.